ನೀಲಿ ಜೆಲ್ಲಿ ಲೈಕನ್ ಎರಡಿದಾವೆ: ಅಝೂರಿಯಂ ಯಾವ್ದು, ಸಯನೆಸೆನ್ಸ್ ಯಾವ್ದು, ಗುರುತು ಹಿಡಿಯೋದು ಹೆಂಗೆ

ನಮ್ದು ಮೂಡಿಗೆರೆ ಕಡೆ ಒಂದು ಸಣ್ಣ ಕಾಫಿ ತೋಟ. ಮಳೆಗಾಲ ಮುಗೀತಾ ಬಂದಾಗ ಹಾಲವಾಣದ ಕಾಂಡ, ಹಳೇ ಅರೇಬಿಕಾ ಗಿಡದ ಬುಡ, ಹಳ್ಳದ ಪಕ್ಕದ ಬಂಡೆ, ಇಲ್ಲೆಲ್ಲ ಪಾಚಿ ಜೊತೆ ಸೇರ್ಕೊಂಡು ನೀಲಿ-ಬೂದು ಬಣ್ಣದ್ದೊಂದು ತೆಳ್ಳನೆ ವಸ್ತು ಬೆಳ್ದಿರುತ್ತೆ, ಮುಟ್ಟಿದ್ರೆ ನಾಯಿಮರಿ ಕಿವಿ ಥರ ತಣ್ಣಗೆ ಮೆತ್ತಗೆ, ಎರಡು ದಿನ ಬಿಸಿಲು ಬಿತ್ತು ಅಂದ್ರೆ ಅದೇ ವಸ್ತು ಸುಟ್ಟ ಕಾಗದದ ಹಾಗೆ ಮುದುಡ್ಕೊಂಡು ಮರಕ್ಕೆ ಅಂಟಿ ಕೂತಿರುತ್ತೆ. ಬಹಳ ವರ್ಷ ನಾನೂ ಇದನ್ನ ಪಾಚಿ ಅಂತಲೇ ಅಂದ್ಕೊಂಡಿದ್ದೆ. ಪಾಚಿ ಅಲ್ಲ, ಇದು ಜೆಲ್ಲಿ ಲೈಕನ್. ಕುಲದ ಹೆಸರು ಲೆಪ್ಟೋಜಿಯಂ. ನಮ್ಮ ಪಶ್ಚಿಮ ಘಟ್ಟದಲ್ಲಿ ಈ ನೀಲಿ ಬಣ್ಣದ, ನುಣ್ಣನೆ ಮೈಯ ಲೆಪ್ಟೋಜಿಯಂ ಅಂದ್ರೆ ಮುಖ್ಯವಾಗಿ ಎರಡು ಹೆಸರು ಬರುತ್ತೆ: ಲೆಪ್ಟೋಜಿಯಂ ಅಝೂರಿಯಂ, ಲೆಪ್ಟೋಜಿಯಂ ಸಯನೆಸೆನ್ಸ್.

ಇವೆರಡರದ್ದು ಅಣ್ಣ-ತಮ್ಮನ ಹೋಲಿಕೆ. ತಮಾಷೆ ಏನಂದ್ರೆ ಹೆಸರೂ ಸಹಾಯ ಮಾಡಲ್ಲ. ಅಝೂರಿಯಂ ಅಂದ್ರೆ ಆಕಾಶನೀಲಿ, ಸಯನೆಸೆನ್ಸ್ ಅಂದ್ರೆ ನೀಲಿಗೆ ತಿರುಗೋದು. ಹೆಸರಿಟ್ಟವರಿಬ್ಬರಿಗೂ ಕಣ್ಣಿಗೆ ಬಿದ್ದಿದ್ದು ಅದೇ ನೀಲಿ. ಹಾಗಾಗಿ ಬಣ್ಣ ನೋಡಿ ಗುರುತು ಹಿಡೀತೀನಿ ಅಂತ ಹೊರಟ್ರೆ ಶುರುವಲ್ಲೇ ದಾರಿ ತಪ್ಪಿದ ಹಾಗೆ, ನಾನು ಹೊರಟಿದ್ದೂ ಹಾಗೇ, ಅದರ ಕಥೆ ಮುಂದೆ ಹೇಳ್ತೀನಿ.

ಸ್ವಲ್ಪ ಹಿನ್ನೆಲೆ, ಬೇಡ ಅನ್ನೋರು ಬಿಟ್ಟು ಮುಂದೆ ಹೋಗಿ

ಲೈಕನ್ ಅಂದ್ರೆ ಏನು ಅಂತ ಗೊತ್ತಿಲ್ದವರಿಗೆ: ಬಿರಿಯಾನಿ ಮಸಾಲೆಗೆ ಹಾಕೋ ಕಲ್ಲುಹೂವು ಇದ್ಯಲ್ಲ, ಅದೂ ಒಂದು ಲೈಕನ್ನೇ. ಪಠ್ಯಪುಸ್ತಕದ ಕನ್ನಡದಲ್ಲಿ ಶಿಲಾವಲ್ಕ ಅಂತಾರೆ. ಒಂದು ಶಿಲೀಂಧ್ರ, ಅದರ ಒಳಗೆ ಬಿಸಿಲಲ್ಲಿ ಅಡಿಗೆ ಮಾಡೋ ಒಂದು ಹಸಿರು ಶೈವಲ ಇಲ್ಲಾಂದ್ರೆ ಸಯನೋಬ್ಯಾಕ್ಟೀರಿಯಾ, ಇಬ್ಬರೂ ಒಂದೇ ಮನೇಲಿ ಸಂಸಾರ. ಹೀಗೆ ಇದು ಒಂದು ಜೀವ ಅಲ್ಲ ಎರಡು ಜೀವ ಅಂತ 1860ರ ದಶಕದ ಕೊನೇಲಿ ಸ್ವಿಟ್ಜರ್‌ಲೆಂಡಿನ ಸೈಮನ್ ಶ್ವೆಂಡೆನರ್ ಹೇಳಿದಾಗ ಆಗಿನ ಲೈಕನ್ ಪಂಡಿತರು ಒಪ್ಪಲಿಲ್ಲ, ಬೈದ್ರು ಕೂಡ.

ಕಲ್ಲುಹೂವಿನ ಒಳಗೆ ಪದರ ಪದರ ಇರುತ್ತೆ, ಮೇಲೆ ಚರ್ಮ, ಅದರ ಕೆಳಗೆ ಹಸಿರು, ಅದರ ಕೆಳಗೆ ಬಿಳಿ ಹತ್ತಿ ಥರದ್ದು. ಜೆಲ್ಲಿ ಲೈಕನ್ನಲ್ಲಿ ಆ ಅಚ್ಚುಕಟ್ಟು ಇಲ್ಲ. ಒಳಗಿರೋದು ನೋಸ್ಟಾಕ್ ಅನ್ನೋ ಸಯನೋಬ್ಯಾಕ್ಟೀರಿಯಾ, ಅದು ತನ್ನ ಸುತ್ತ ಲೋಳೆ ಕಟ್ಕೊಳ್ಳುತ್ತೆ, ಆ ಲೋಳೆ ಒಳಗೇ ಶಿಲೀಂಧ್ರದ ಎಳೆಗಳು ಓಡಾಡ್ತಿರುತ್ತವೆ. ಕಾಮಕಸ್ತೂರಿ ಬೀಜ ನೀರಿಗೆ ಹಾಕಿದ್ರೆ ಉಬ್ಬಲ್ವಾ, ಅದೇ ಲೆಕ್ಕ. ದಪ್ಪ ಜಾತಿಯ ಕೆಲವು ಜೆಲ್ಲಿ ಲೈಕನ್ನುಗಳು ತಮ್ಮ ಒಣ ತೂಕದ ಹತ್ತು ಪಟ್ಟಿಗಿಂತ ಹೆಚ್ಚು ನೀರು ಕುಡೀತವೆ. ನಮ್ಮ ಲೆಪ್ಟೋಜಿಯಂ ತೆಳ್ಳಗಿನ ಜಾತಿ, ಅಷ್ಟೊಂದು ಕುಡಿಯಲ್ಲ. ಗ್ರೀಕಿನ ಲೆಪ್ಟೋಸ್ ಅಂದ್ರೆ ತೆಳು, ಕುಲದ ಹೆಸರು ಅಲ್ಲಿಂದ ಬಂದಿದ್ದು. ಅಕ್ಕಪಕ್ಕದ ಕುಲ ಕೊಲ್ಲೆಮಾ, ಅದರ ಮೂಲದಲ್ಲಿರೋದು ಅಂಟು ಅನ್ನೋ ಅರ್ಥ.

ತೋಟದವರಿಗೆ ಒಂದು ಮಾತು: ನೋಸ್ಟಾಕ್ ಗಾಳಿಯ ಸಾರಜನಕ ಹಿಡಿದಿಡುತ್ತೆ. ಅಂದ್ರೆ ಮರದ ಮೇಲೆ ಕೂತ್ಕೊಂಡು ಬಿಟ್ಟಿ ಯೂರಿಯಾ ಮಾಡ್ತಿರೋದು ಇದೇ, ಮಳೆ ನೀರಲ್ಲಿ ಸೋರಿ, ಉದುರಿ ಕೊಳೆತು ಸ್ವಲ್ಪ ಸ್ವಲ್ಪ ನೆಲಕ್ಕೂ ಬರುತ್ತೆ. ಗೊಬ್ಬರದ ಮೂಟೆ ಕಡಿಮೆ ಮಾಡೋವಷ್ಟೇನಲ್ಲ ಬಿಡಿ.

ಸ್ಟೆಪ್ 1: ಸಾಮಾನು

ಬೇಕೇ ಬೇಕು ಅನ್ನೋದು 10 ಪಟ್ಟು ದೊಡ್ಡದು ಮಾಡೋ ಒಂದು ಕೈ ಲೆನ್ಸ್. ಚಿನ್ನ ಬೆಳ್ಳಿ ಅಂಗಡಿಯವರು ಕಣ್ಣಿಗಿಟ್ಕೊಂಡು ನೋಡ್ತಾರಲ್ಲ, ಆ ಥರದ್ದು. ಪೇಪರ್ ಓದೋಕೆ ಅಜ್ಜಂದಿರು ಇಟ್ಕೊಳ್ಳೋ ದೊಡ್ಡ ಭೂತಗನ್ನಡಿ ಸಾಲಲ್ಲ. ಅದು ಬಿಟ್ರೆ ಇಸ್ತ್ರಿಗೆ ನೀರು ಚಿಮುಕಿಸೋ ಸ್ಪ್ರೇ ಬಾಟ್ಲು, ಒಂದು ಹೊಲಿಗೆ ಸೂಜಿ, ಬ್ಲೇಡು, ಹಳೇ ನ್ಯೂಸ್‌ಪೇಪರಲ್ಲಿ ಮಡಚಿದ ಪೊಟ್ಟಣ, ಪೆನ್ಸಿಲ್. ಪೆನ್ ಬೇಡ, ನೀರು ತಾಗಿದ್ರೆ ಬರ್ದಿದ್ದೆಲ್ಲ ಹೋಗುತ್ತೆ. ಪ್ಲಾಸ್ಟಿಕ್ ಕವರ್ ಅಂತೂ ಬೇಡವೇ ಬೇಡ, ಒಂದೇ ರಾತ್ರೀಲಿ ಬೂಷ್ಟು ಬರುತ್ತೆ.

ಲೈಕನ್ ಬಗ್ಗೆ ಓದಿದವರು ಕೇಳ್ಬಹುದು, ಕೆಮಿಕಲ್ ಟೆಸ್ಟ್ ಬೇಡ್ವಾ ಅಂತ. ಕಲ್ಲುಹೂವಿನ ಬಳಗಕ್ಕೆ ಪೊಟ್ಯಾಷ್, ಬ್ಲೀಚಿಂಗ್ ಹನಿ ಹಾಕಿ ಕೆಂಪಾಯ್ತಾ ಹಳದಿಯಾಯ್ತಾ ಅಂತ ನೋಡ್ತಾರೆ. ಇಲ್ಲಿ ಅದೆಲ್ಲ ದಂಡ. ಎರಡರಲ್ಲೂ ಆ ಥರದ ರಾಸಾಯನಿಕ ಇಲ್ಲ, ಏನು ಹಾಕಿದ್ರೂ ಬಣ್ಣ ಬರಲ್ಲ. ದುಡ್ಡು ಉಳೀತು ಅನ್ಕೊಳಿ.

ಸ್ಟೆಪ್ 2: ಎಲ್ಲಿ, ಯಾವಾಗ

ಜೂನ್‌ನಿಂದ ಆಗಸ್ಟ್ ತನಕ ಹೋಗ್ಬೇಡಿ. ಲೈಕನ್ ಇರಲ್ಲ ಅಂತಲ್ಲ, ಇಂಬಳದ (ಜಿಗಣೆ) ಕಾಟ. ಮರದ ಹತ್ರ ಲೆನ್ಸ್ ಹಿಡ್ಕೊಂಡು ಐದು ನಿಮಿಷ ಅಲ್ಲಾಡದೆ ನಿಂತ್ರೆ ಇಂಬಳಕ್ಕೆ ಎಲೆ ಹಾಕಿ ಊಟಕ್ಕೆ ಕರೆದ ಹಾಗೆ. ಅಕ್ಟೋಬರಿಂದ ಜನವರಿ ಚೆನ್ನಾಗಿರುತ್ತೆ, ಬೆಳಿಗ್ಗೆ ಇಬ್ಬನಿಗೆ ನೆನೆದಿರುತ್ತೆ, ಹನ್ನೊಂದು ಗಂಟೆ ಹೊತ್ತಿಗೆ ಒಣಗಿರುತ್ತೆ, ಎರಡೂ ಅವಸ್ಥೆ ಒಂದೇ ದಿನ ಸಿಗುತ್ತೆ. ಇದು ಎಷ್ಟು ಮುಖ್ಯ ಅಂತ ಕೆಳಗೆ ಹೇಳ್ತೀನಿ.

ಜಾಗ ಅಂದ್ರೆ ನೆರಳು, ತೇವ, ಪಾಚಿ ಹಿಡಿದ ತೊಗಟೆ. ನಮ್ಮಲ್ಲಿ ಹಾಲವಾಣ, ಅತ್ತಿ, ಹಲಸಿನ ಮರದ ಮೇಲೆ ಜಾಸ್ತಿ ನೋಡಿದೀನಿ, ಸಿಲ್ವರ್ ಓಕ್ ಮರದ ಮೇಲೆ ಕಡಿಮೆ. ಕಾಫಿ ಗಿಡದ ಮೇಲೆ ಹುಡುಕೋದಾದ್ರೆ ಬೋರ್ಡೋ ಹೊಡೆಯೋ ಬ್ಲಾಕ್ ಬಿಟ್ಟು ಬೇರೆ ಕಡೆ ನೋಡಿ. ಬೋರ್ಡೋ ಅಂದ್ರೆ ಶಿಲೀಂಧ್ರ ರೋಗಕ್ಕೆ ಹೊಡೆಯೋ ದ್ರಾವಣ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ತಾಮ್ರ ಶಿಲೀಂಧ್ರಕ್ಕೂ ಆಗಲ್ಲ, ಸಯನೋಬ್ಯಾಕ್ಟೀರಿಯಾಕ್ಕೂ ಆಗಲ್ಲ, ಇಲ್ಲಿ ಸಂಸಾರ ಮಾಡ್ತಿರೋರು ಆ ಇಬ್ಬರೇ. ಇನ್ನೊಂದು, ಬೋರರ್ (ಕಾಂಡ ಕೊರೆಯೋ ಹುಳ) ಮೊಟ್ಟೆ ಇಡದಿರ್ಲಿ ಅಂತ ಅರೇಬಿಕಾ ಕಾಂಡ ಉಜ್ಜಿಸ್ತೀವಲ್ಲ, ಉಜ್ಜಿದ ಗಿಡದಲ್ಲಿ ಏನೂ ಸಿಗಲ್ಲ.

ತೋಟದ ಹೊರಗೆ ಹೋಗೋರಿಗೆ: ಕುದುರೆಮುಖ ನ್ಯಾಷನಲ್ ಪಾರ್ಕ್, ಭದ್ರಾ ಅಭಯಾರಣ್ಯ, ಬಿಸಿಲೆ ಕಾಡು ಇಲ್ಲೆಲ್ಲ ಅರಣ್ಯ ಇಲಾಖೆ ಪರ್ಮಿಷನ್ ಇಲ್ದೆ ಒಂದು ಚೂರೂ ಕೀಳಂಗಿಲ್ಲ, ಲೈಕನ್ ತಾನೇ ಅಂದ್ರೆ ಕೇಳಲ್ಲ. ಫೋಟೋ ತಗೊಂಡು ಬನ್ನಿ. ಸ್ವಂತ ತೋಟದಲ್ಲೂ ಮರದಿಂದ ಕಿತ್ತು ತರೋ ಬದಲು ಗಾಳಿಗೆ ಬಿದ್ದ ಕೊಂಬೆ ನೋಡಿ, ಬೇಕಾದಷ್ಟು ಸಿಗುತ್ತೆ.

ಸ್ಟೆಪ್ 3: ಮೊದ್ಲು ಇದು ಲೆಪ್ಟೋಜಿಯಂ ಹೌದಾ?

ಎರಡರಲ್ಲಿ ಯಾವ್ದು ಅಂತ ಕೇಳೋಕೆ ಮುಂಚೆ ಎರಡರಲ್ಲಿ ಒಂದು ಹೌದಾ ಅಂತ ನೋಡ್ಬೇಕು. ಮೋಸ ಮಾಡೋರು ಇರ್ತಾರೆ.

ಕೋಕೋಕಾರ್ಪಿಯಾ ಅನ್ನೋ ಲೈಕನ್ನೂ ನಮ್ಮಲ್ಲಿ ಸಿಗುತ್ತೆ, ಅದೂ ನೀಲಿ-ಬೂದು, ದೂರದಿಂದ ಡಿಟ್ಟೋ. ಒಂದು ಎಲೆಯ (ಲೈಕನ್ನಿನ ಎಲೆಯಂಥ ಹಾಳೆಗೆ ಎಲೆ ಅಂತಿದೀನಿ) ಅಂಚನ್ನ ಒದ್ದೆ ಮಾಡಿ ಬೆರಳಲ್ಲಿ ಹಿಡಿದು ನೋಡಿ. ಲೆಪ್ಟೋಜಿಯಂ ಆದ್ರೆ ಒದ್ದೆಯಾದ ತಕ್ಷಣ ಮೆತ್ತಗಾಗಿ, ಬೆಳಕಿಗೆ ಹಿಡಿದ್ರೆ ಅರ್ಧ ಪಾರದರ್ಶಕವಾಗಿ, ಹಸಿ ಹಪ್ಪಳದ ಹಾಗೆ ಬಾಗುತ್ತೆ. ಕೋಕೋಕಾರ್ಪಿಯಾ ಒದ್ದೆಯಾದ್ರೂ ಚರ್ಮದ ಹಾಗೇ ಇರುತ್ತೆ, ಜೆಲ್ಲಿ ಆಗಲ್ಲ, ತಿರುಗಿಸಿದ್ರೆ ಕೆಳಗಡೆ ಬೇರಿನ ಥರದ ಎಳೆ ಒತ್ತೊತ್ತಾಗಿರುತ್ತೆ.

ಕೊಲ್ಲೆಮಾ ಇನ್ನೊಂದು. ಅದು ಬೇರೆ ಥರ, ಹೆಚ್ಚಾಗಿ ಕಪ್ಪು, ಆಲಿವ್ ಕಂದು, ನೀಲಿ ಛಾಯೆ ಇರಲ್ಲ. ಅದಕ್ಕೆ ಮೇಲೆ ಚರ್ಮದ ಪದರ ಇಲ್ಲ, ಲೆಪ್ಟೋಜಿಯಂಗೆ ಒಂದೇ ಸಾಲು ಕೋಶದ ತೆಳು ಚರ್ಮ ಇರುತ್ತೆ, ಆ ಚರ್ಮದಿಂದಲೇ ಇದಕ್ಕೆ ಒಣಗಿದಾಗ ಸೀಸದ ಥರ ಮಂಕು ನೀಲಿ ಬರೋದು ಅಂತ ನನ್ನ ಅಂದಾಜು. ಹಳೇ ಲಿಸ್ಟುಗಳಲ್ಲಿ ಕೊಲ್ಲೆಮಾ, ಲೆಪ್ಟೋಜಿಯಂ ಅಂತ ಎರಡೇ ದೊಡ್ಡ ಪೆಟ್ಟಿಗೆ ಇರ್ತಿತ್ತು. ಡಿಎನ್‌ಎ ನೋಡಿ 2014ರಲ್ಲಿ ಆ ಪೆಟ್ಟಿಗೆಗಳನ್ನ ಒಡೆದು ಸೈಟಿನಿಯಂ, ಲ್ಯಾಥಾಗ್ರಿಯಂ, ಎಂಕಿಲಿಯಂ ಅಂತೆಲ್ಲ ಪಾಲು ಮಾಡಿದ್ರು. ನಮ್ಮ ಎರಡು ನೀಲಿಯವು ಮಾತ್ರ ಲೆಪ್ಟೋಜಿಯಂನಲ್ಲೇ ಉಳ್ಕೊಂಡ್ವು.

ಎಲೆ ಇಲ್ಲ, ಬರೀ ನೆಲದ ಮೇಲೆ ಹಸಿರು-ಕಂದು ಲೋಳೆ ಮುದ್ದೆ ಅಂದ್ರೆ ಅದು ಲೈಕನ್ನೇ ಅಲ್ಲ, ಒಂಟಿ ನೋಸ್ಟಾಕ್. ಮಳೆ ಬಂದ ಮೇಲೆ ಅಂಗಳದಲ್ಲಿ ಜಾರಿ ಬೀಳ್ತೀವಲ್ಲ, ಅದಕ್ಕೆ ಕಾರಣ ಬಹಳ ಸಲ ಇದೇ.

ಆಮೇಲೆ ಎಲೆ ತಿರುಗಿಸಿ ಕೆಳಗಡೆ ನೋಡಿ. ಬಿಳಿ ರೋಮ ಮಖಮಲ್ಲಿನ ಹಾಗೆ ಹಬ್ಬಿದ್ರೆ ಅದು ಲೆಪ್ಟೋಜಿಯಂ ಆದ್ರೂ ಬೇರೆ ಗುಂಪು, ಬರ್ನೆಟಿಯೇ ಕಡೆಯವರು. ಮೇಲ್ಮೈ ಸುಕ್ಕು ಸುಕ್ಕಾಗಿ ಮುದುಕರ ಕೈ ಥರ ಇದ್ರೆ ಅದೂ ಬೇರೆ. ಸುಕ್ಕೂ ಇದೆ ಇಸಿಡಿಯಾನೂ (ಮೈ ಮೇಲೆ ಏಳೋ ಚಿಕ್ಕ ಮೊಳಕೆಗಳು, ಮುಂದಿನ ಸ್ಟೆಪ್ಪಲ್ಲಿ ಹೇಳ್ತೀನಿ) ಇದೆ ಅಂದ್ರೆ ಆಸ್ಟ್ರೋಅಮೆರಿಕಾನಂ ಥರದ್ದು. ನಮ್ಮಿಬ್ಬರದ್ದು ಮೇಲೂ ಕೆಳಗೂ ನುಣುಪು, ಕೆಳಗೆ ಅಲ್ಲಲ್ಲಿ ಹಿಡ್ಕೊಳ್ಳೋಕೆ ನಾಲ್ಕು ಎಳೆ ಇದ್ರೆ ಉಂಟು ಇಲ್ದಿದ್ರೆ ಇಲ್ಲ. ಸುಕ್ಕು ನೋಡೋದನ್ನ ಒದ್ದೆ ಇದ್ದಾಗ ಮಾಡಿ, ಒಣಗಿದಾಗ ಎಲ್ಲವೂ ಸುಕ್ಕೇ.

ಸ್ಟೆಪ್ 4: ಇಡೀ ವ್ಯತ್ಯಾಸ ಇಲ್ಲಿದೆ

ಇದೇ ಮುಖ್ಯ, ನಿಧಾನಕ್ಕೆ ಓದಿ.

ಅಝೂರಿಯಂ ಬಟ್ಟಲು ಬಿಡುತ್ತೆ. ಸಯನೆಸೆನ್ಸ್ ಇಸಿಡಿಯಾ ಬಿಡುತ್ತೆ. ಅಷ್ಟೇ.

ಬಟ್ಟಲು ಅಂದ್ರೆ ಅಪೊಥೀಸಿಯಾ, ಶಿಲೀಂಧ್ರದ ಬೀಜಕಗಳು ಹುಟ್ಟೋ ಜಾಗ. ಲೆನ್ಸ್ ಇಲ್ದೆನೂ ಕಾಣುತ್ತೆ, ಸಾಸಿವೆ ಕಾಳಿನಿಂದ ಹಿಡಿದು ತೊಗರಿಬೇಳೆ ಅಗಲದ ತನಕ, ನಡುವೆ ಇಟ್ಟಿಗೆ ಕಂದು ಬಣ್ಣದ ತಟ್ಟೆ, ಸುತ್ತ ತಿಳಿ ಬಣ್ಣದ ಕಟ್ಟೆ. ಚೆನ್ನಾಗಿ ಬೆಳೆದ ಅಝೂರಿಯಂ ಮೇಲೆ ಇವು ಹತ್ತಿಪ್ಪತ್ತು ಇರ್ತವೆ, ನೀಲಿ ಸೀರೆಗೆ ಕಂದು ಬಿಲ್ಲೆ ಹೊಲಿದ ಹಾಗೆ. ಉಳಿದ ಮೈ ಬೋಳು, ನುಣ್ಣಗೆ.

ಇಸಿಡಿಯಾ ಅಂದ್ರೆ ಮೈ ಮೇಲೆ ಎದ್ದಿರೋ ಚಿಕ್ಕ ಚಿಕ್ಕ ಮೊಳಕೆಗಳು. ಬೆಣ್ಣೆ ಹಚ್ಚಿದ ಅಕ್ಕಿರೊಟ್ಟಿ ಮೇಲೆ ಬನ್ಸಿ ರವೆ ಚೆಲ್ಲಿದ್ರೆ ಹೆಂಗೆ ಕಾಣುತ್ತೆ, ಹಂಗೆ. ಲೆನ್ಸಲ್ಲಿ ನೋಡಿದ್ರೆ ಮೊದಲು ಕಡ್ಡಿ ಥರ ಉರುಟಾಗಿ ಹುಟ್ಟುತ್ತವೆ, ಬೆಳೀತಾ ಕೆಲವು ಚಪ್ಪಟೆಯಾಗಿ ಪುಟಾಣಿ ಎಲೆ ಆಗ್ತವೆ. ಬಣ್ಣ ಮೈಯದ್ದೇ ಬಣ್ಣ. ಎಲೆಯ ಮೇಲೂ ಇರುತ್ತೆ, ಅಂಚಲ್ಲೂ ಇರುತ್ತೆ. ಸಯನೆಸೆನ್ಸಲ್ಲಿ ಬಟ್ಟಲು ಅಪರೂಪ.

ಯಾಕೆ ಹೀಗೆ ಅಂದ್ರೆ ಇಬ್ಬರ ಸಂಸಾರ ಬೆಳೆಸೋ ದಾರಿ ಬೇರೆ. ಬಟ್ಟಲಿಂದ ಹಾರೋ ಬೀಜಕದಲ್ಲಿ ಶಿಲೀಂಧ್ರ ಮಾತ್ರ ಇರುತ್ತೆ, ಅದು ಎಲ್ಲೋ ಹೋಗಿ ಬಿದ್ದು, ಅಲ್ಲಿ ಸರಿಯಾದ ನೋಸ್ಟಾಕ್ ಸಿಕ್ಕಿದ್ರೆ ಮಾತ್ರ ಹೊಸ ಲೈಕನ್ನು, ಇಲ್ದಿದ್ರೆ ಕಥೆ ಮುಗೀತು. ಇಸಿಡಿಯಾ ಹಾಗಲ್ಲ, ಮುರಿದು ಬಿದ್ದ ಚೂರಿನೊಳಗೆ ಶಿಲೀಂಧ್ರನೂ ಇದೆ ನೋಸ್ಟಾಕೂ ಇದೆ, ಗಂಟುಮೂಟೆ ಸಮೇತ ಹೊರಟ ಹಾಗೆ, ಮಳೆ ಹನಿ ಹೊಡೆತಕ್ಕೋ ಇರುವೆ ಕಾಲಿಗೋ ಸಿಕ್ಕಿ ಪಕ್ಕದ ಕೊಂಬೆಗೆ ಹೋದ್ರೆ ಅಲ್ಲೇ ಶುರು. ಲೈಕನ್ ಲೋಕದಲ್ಲಿ ಹೀಗೆ ಬಟ್ಟಲಿನವನೊಬ್ಬ, ಇಸಿಡಿಯಾದವನೊಬ್ಬ, ಉಳಿದಿದ್ದೆಲ್ಲ ಒಂದೇ ಥರ ಇರೋ ಜೋಡಿಗಳು ಬೇರೆ ಕುಲಗಳಲ್ಲೂ ಸಿಗ್ತವೆ.

ಎರಡೂ ಇದ್ರೆ? ಇಸಿಡಿಯಾ ಗೆಲ್ಲುತ್ತೆ, ಸಯನೆಸೆನ್ಸ್ ಅಂತ ಬರ್ಕೊಳಿ. ಆದ್ರೆ ಬಟ್ಟಲಿನ ಕಟ್ಟೆ ಮೇಲೆಲ್ಲ ಪುಟ್ಟ ಪುಟ್ಟ ಎಲೆ, ಹಲ್ಲು ಹಲ್ಲಾಗಿ ಬಂದಿದ್ರೆ ನಿಲ್ಲಿ, ಅದು ಇವೆರಡೂ ಅಲ್ಲ, ಡೆಂಟಿಕ್ಯುಲೇಟಂ, ಫಿಲ್ಲೋಕಾರ್ಪಂ ಅಂತ ಬೇರೆ ಮನೆತನದ ಕಡೆ ಹುಡುಕ್ಬೇಕು.

ಎರಡೂ ಇಲ್ದಿದ್ರೆ? ಅಲ್ಲೇ ಜನ ಬೀಳೋದು.

ನಾನು ಬಿದ್ದ ಕಥೆ

ಮೊದಲ ವರ್ಷ ನಾನು 14 ಪೊಟ್ಟಣ ಮಾಡಿದ್ದೆ. ಇಸಿಡಿಯಾ ಕಂಡಿದ್ದು ನಾಲ್ಕರಲ್ಲಿ, ಅದಕ್ಕೆ ಸಯನೆಸೆನ್ಸ್ ಅಂತ ಬರೆದೆ. ಉಳಿದ ಹತ್ತು ನುಣ್ಣಗಿತ್ತು, ಚೆಂದ ನೀಲಿ, ಅಝೂರಿಯಂ ಅಂತ ಬರೆದು ಅಟ್ಟದ ಮೇಲೆ ಇಟ್ಟೆ. ದೀಪಾವಳಿಗೆ ಅಕ್ಕನ ಮಗ ಬಂದ. ಹಾಸನದಲ್ಲಿ ಬಿಎಸ್‌ಸಿ ಓದ್ತಿದಾನೆ, ಬಾಟನಿ. ಒಂದೊಂದೇ ಪೊಟ್ಟಣ ಬಿಚ್ಚಿ ಟ್ಯೂಬ್‌ಲೈಟ್ ಕೆಳಗೆ ಲೆನ್ಸ್ ಇಟ್ಕೊಂಡು ನೋಡ್ದ, ಏನೂ ಮಾತಾಡ್ಲಿಲ್ಲ. ಆರನೇದೋ ಏಳನೇದೋ ನೋಡ್ವಾಗ ಕೇಳ್ದ.

"ಮಾವ, ಇದನ್ನ ಅಝೂರಿಯಂ ಅಂತ ಯಾಕ್ ಬರ್ದ್ರಿ?"

"ಇಸಿಡಿಯಾ ಇಲ್ವಲ್ಲೋ."

"ಬಟ್ಟಲೂ ಇಲ್ವಲ್ಲ ಮಾವ."

ಅಷ್ಟೇ. ನನಗೆ ಕೆನ್ನೆಗೆ ಹೊಡೆದ ಹಾಗಾಯ್ತು. ಒಂದು ಇಲ್ಲ ಅಂದ ಮಾತ್ರಕ್ಕೆ ಇನ್ನೊಂದು ಅಂತ ತೀರ್ಮಾನ ಮಾಡ್ಬಿಟ್ಟಿದ್ದೆ. ಅವನು ಅದೇ ಚೂರನ್ನ ತಿರುಗಿಸಿ, ಪೂರ್ತಿ ಒಳಗಿನ ಭಾಗದ, ಹಳೇ ಎಲೆಯ ಮಡಿಕೆ ಬಿಡಿಸಿ ತೋರಿಸ್ದ, ಅಲ್ಲಿ ಏಳೆಂಟು ಕಡ್ಡಿ ಎದ್ದಿದ್ವು. ನಾನು ನೋಡಿದ್ದು ಹೊರಗಿನ ಅಂಚು, ಹೊಸದಾಗಿ ಬೆಳೀತಿರೋ ಎಳೆ ಭಾಗ, ಅಲ್ಲಿ ಇಸಿಡಿಯಾ ಇನ್ನೂ ಹುಟ್ಟಿರಲ್ಲ. ಅಂಚು ಚೆಂದ, ಫೋಟೋಗೆ ಚೆನ್ನಾಗಿ ಬರುತ್ತೆ, ಎಲ್ಲರೂ ಅದನ್ನೇ ನೋಡ್ತಾರೆ, ನಾನೂ ಅದನ್ನೇ ನೋಡಿದ್ದೆ. ಹತ್ತರಲ್ಲಿ ಐದು ಸಯನೆಸೆನ್ಸ್ ಆಯ್ತು, ಎರಡರಲ್ಲಿ ಬಟ್ಟಲು ನಿಜವಾಗಿ ಇತ್ತು, ಮೂರನ್ನ ಹೆಸರಿಲ್ದೆ ಬಿಟ್ವಿ.

ಹಾಗಾಗಿ ಕ್ರಮ ಇದು: ಒಂದು ತೇಪೆಯ ನಡುಭಾಗದಿಂದ ಶುರು ಮಾಡಿ, ಹೊರಗೆ ಬನ್ನಿ. ಬೊಗಸೆಯಷ್ಟು ಅಗಲದ ತೇಪೆ ಆದ್ರೆ ಕನಿಷ್ಠ ಹತ್ತು ಎಲೆ ನೋಡಿ. ಬಟ್ಟಲು ಕಣ್ಣಿಂದ ಕಂಡ್ರೆ ಮಾತ್ರ ಅಝೂರಿಯಂ ಅನ್ನಿ. ಇಸಿಡಿಯಾ ಇಲ್ಲ ಅನ್ನೋದು ಅಝೂರಿಯಂಗೆ ಸಾಕ್ಷಿ ಅಲ್ಲ.

ಸ್ಟೆಪ್ 5: ಒಣಗಿದಾಗ ಒಂದ್ಸಲ, ನೆನೆದಾಗ ಒಂದ್ಸಲ

ಇಸಿಡಿಯಾ ಚೆನ್ನಾಗಿ ಕಾಣೋದು ಎಲೆ ಅರೆ ಒಣಗಿರೋವಾಗ. ಪೂರ್ತಿ ಒದ್ದೆ ಇದ್ರೆ ಮೇಲೆ ನೀರಿನ ಹೊಳಪು, ಬೆಳಕು ಕಣ್ಣಿಗೆ ಹೊಡೆಯುತ್ತೆ, ಸಣ್ಣ ಮೊಳಕೆ ಆ ಹೊಳಪಲ್ಲಿ ಮುಚ್ಚಿ ಹೋಗುತ್ತೆ. ಪೂರ್ತಿ ಒಣಗಿದ್ರೆ ಎಲೆ ಮುದುಡಿ, ಎಲ್ಲ ಕಡೆ ಉಬ್ಬು ತಗ್ಗು. ನಡುವಿನ ಹೊತ್ತು ಬೇಕು. ಟಿಶ್ಯೂ ಇದ್ರೆ ಮೇಲಿನ ನೀರು ಒತ್ತಿ ತೆಗೆದು ಐದು ನಿಮಿಷ ಬಿಟ್ಟು ನೋಡಿ. ಬೆಳಕು ಪಕ್ಕದಿಂದ ಬರ್ಲಿ, ಮೊಬೈಲ್ ಟಾರ್ಚನ್ನ ಎಲೆಗೆ ಸಮಾನಾಂತರವಾಗಿ ಅಡ್ಡ ಹಿಡಿದ್ರೆ ಇಸಿಡಿಯಾಗಳ ನೆರಳು ಉದ್ದ ಬೀಳುತ್ತೆ, ಸಂಜೆ ಬಿಸಿಲಲ್ಲಿ ಗದ್ದೆ ಕೂಳೆ ಕಾಣೋ ಹಾಗೆ.

ನೆನೆಸೋದು ಸ್ಪ್ರೇಯಿಂದಲೇ ಮಾಡಿ. ಬಾಯಿಂದ ಹಬೆ ಊದಿ ಕೂತ್ರೆ ಆಗಲ್ಲ. ಹಸಿರು ಶೈವಲ ಇರೋ ಲೈಕನ್ನುಗಳು ಬರೀ ತೇವದ ಗಾಳಿಗೇ ಎಚ್ಚರ ಆಗಿ ಕೆಲಸ ಶುರು ಮಾಡ್ತವೆ, ಸಯನೋಬ್ಯಾಕ್ಟೀರಿಯಾದವಕ್ಕೆ ನೀರೇ ಬೇಕು, ಹನಿಯಾಗಿ. ಮಳೆ, ಹಳ್ಳ, ಇಬ್ಬನಿ ಇರೋ ಜಾಗವೇ ಇವಕ್ಕೆ ಯಾಕೆ ಬೇಕು ಅನ್ನೋದಕ್ಕೆ ಅದೂ ಒಂದು ಕಾರಣ.

ನೀರು ಬಿದ್ದ ಅರ್ಧ ನಿಮಿಷದಲ್ಲಿ ಮುದುಡಿದ ಎಲೆ ತಾನೇ ಬಿಡಿಸ್ಕೊಳ್ಳೋದನ್ನ ಒಂದ್ಸಲ ಲೆನ್ಸ್ ಇಟ್ಕೊಂಡು ನೋಡಿ. ಅಂಚು ಮೊದಲು ಎದ್ದೇಳುತ್ತೆ, ಸೀಸದ ಬಣ್ಣ ಕರಗಿ ಗಾಢ ನೀಲಿ-ಹಸಿರು ಒಳಗಿಂದ ಏರಿ ಬರುತ್ತೆ, ಬಟ್ಟಲಿದ್ರೆ ಅದರ ಕಂದು ಕೆಂಪಾಗುತ್ತೆ. ನಮ್ಮ ತೋಟದಲ್ಲಿ ಕೆಲಸ ಮಾಡೋ ಅಜ್ಜಿ ಒಬ್ಬರು ಪಕ್ಕ ನಿಂತು ನೋಡಿ "ಅಯ್ಯೋ, ಜೀವ ಐತಲ್ಲ ಗೌಡ್ರೇ ಇದಕ್ಕೆ, ಇಷ್ಟ್ ದಿನ ಉಜ್ಜಿ ಉಜ್ಜಿ ಬಿಸಾಕಿದ್ವಲ್ಲ" ಅಂದ್ರು.

ಸ್ಟೆಪ್ 6: ಸೂಜಿ ಪರೀಕ್ಷೆ

ಇಸಿಡಿಯಾ ಅಂತ ಅನ್ಸಿದ್ದೆಲ್ಲ ಇಸಿಡಿಯಾ ಅಲ್ಲ. ಧೂಳು, ಹುಳದ ಹಿಕ್ಕೆ, ಮರದ ಹೊಟ್ಟು, ಯಾವ್ದೋ ಕೀಟದ ಮೊಟ್ಟೆ ಇದೆಲ್ಲ ಲೋಳೆ ಮೈಗೆ ಚೆನ್ನಾಗಿ ಅಂಟುತ್ತೆ, ರಸ್ತೆ ಪಕ್ಕದ ಮರದಲ್ಲಂತೂ ಕೇಳ್ಬೇಡಿ. ಸೂಜಿ ಮೊನೆಯಲ್ಲಿ ಮೆಲ್ಲಗೆ ತಳ್ಳಿ. ಕಸ ಆದ್ರೆ ಜಾರಿ ಹೋಗುತ್ತೆ. ಇಸಿಡಿಯಾ ಆದ್ರೆ ಬಾಗುತ್ತೆ, ಬಿಟ್ರೆ ಮತ್ತೆ ಎದ್ದೇಳುತ್ತೆ, ಜೋರಾಗಿ ತಳ್ಳಿದ್ರೆ ಮುರಿದು ಬುಡದಲ್ಲಿ ಸಣ್ಣ ಗಾಯದ ಗುರುತು ಬಿಡುತ್ತೆ. ಒಂದು ಹನಿ ನೀರು ಹಾಕಿದ್ರೆ ಇಸಿಡಿಯಾ ಮೈ ಜೊತೆ ಅದೇ ನೀಲಿಗೆ ತಿರುಗುತ್ತೆ, ಕಸ ತಿರುಗಲ್ಲ.

ಎಳೇ ಬಟ್ಟಲೂ ಗೊಂದಲ ಮಾಡುತ್ತೆ, ಹುಟ್ಟುವಾಗ ಅದು ಚುಕ್ಕಿ ಥರದ ಗುಬುಟು. ವ್ಯತ್ಯಾಸ ಏನಂದ್ರೆ ಇಸಿಡಿಯಾ ಎತ್ತರಕ್ಕೆ ಬೆಳೆಯುತ್ತೆ, ಬಟ್ಟಲು ಅಗಲಕ್ಕೆ, ನಡುವೆ ಒಂದು ತೂತು ಬಾಯಿ ಬಿಡೋಕೆ ಶುರುವಾಗಿರುತ್ತೆ.

ಸ್ಟೆಪ್ 7: ಮೈಕ್ರೋಸ್ಕೋಪ್ ಸಿಕ್ಕಿದ್ರೆ

ಕಡ್ಡಾಯ ಅಲ್ಲ, ಎರಡನ್ನ ಬೇರೆ ಮಾಡೋಕೆ ಲೆನ್ಸೇ ಸಾಕು. ಆದ್ರೆ ಇದು ಲೆಪ್ಟೋಜಿಯಂ ಹೌದು ಅಂತ ಗಟ್ಟಿ ಮಾಡ್ಕೊಳ್ಳೋಕೆ, ಆಮೇಲೆ ಖುಷಿಗೆ. ಎಲೆ ನೆನೆಸಿ, ಕ್ಯಾರೆಟ್ ತುಂಡನ್ನ ಸೀಳಿ ಅದರ ನಡುವೆ ಎಲೆ ಸಿಗಿಸಿ, ಹೊಸ ಬ್ಲೇಡಲ್ಲಿ ಕ್ಯಾರೆಟ್ ಸಮೇತ ತೆಳ್ಳಗೆ ಹೆರೀಬೇಕು, ಪಿಯುಸಿ ಲ್ಯಾಬಲ್ಲಿ ಕಾಂಡ ಕುಯ್ದ ಹಾಗೆ. ಇಪ್ಪತ್ತು ಸಲ ಕುಯ್ದ್ರೆ ಒಂದು ನೆಟ್ಟಗೆ ಬರುತ್ತೆ. 400 ಪಟ್ಟಿನಲ್ಲಿ ಮೇಲೂ ಕೆಳಗೂ ಇಟ್ಟಿಗೆ ಸಾಲಿನ ಹಾಗೆ ಚೌಕ ಕೋಶಗಳ ಒಂದೊಂದೇ ಪದರ, ನಡುವೆ ಲೋಳೆ, ಅದರಲ್ಲಿ ಮಣಿಸರ ಚೆಲ್ಲಿದ ಹಾಗೆ ನೋಸ್ಟಾಕ್. ಸರದಲ್ಲಿ ಅಲ್ಲೊಂದು ಇಲ್ಲೊಂದು ಮಣಿ ಪೇಲವವಾಗಿ ಬೇರೆ ಥರ ಕಾಣುತ್ತೆ, ಅದು ಹೆಟೆರೋಸಿಸ್ಟ್, ಗಾಳಿಯ ಸಾರಜನಕ ಹಿಡಿಯೋದು ಅದೇ. ಬಟ್ಟಲನ್ನ ಕುಯ್ದ್ರೆ ಒಳಗೆ ಉದ್ದ ಚೀಲಗಳು, ಒಂದೊಂದರಲ್ಲೂ ಎಂಟು ಬೀಜಕ, ಬೀಜಕದ ಒಳಗೆ ಅಡ್ಡ ಉದ್ದ ಗೋಡೆ.

ಸ್ಟೆಪ್ 8: ಪೊಟ್ಟಣ, ಬರಹ

ನೆರಳಲ್ಲಿ ಒಣಗಿಸಿ, ಇಸ್ತ್ರಿ ಪೆಟ್ಟಿಗೆ ಇಡ್ಬೇಡಿ, ಪುಸ್ತಕದ ಮಧ್ಯೆ ಒತ್ಬೇಡಿ, ಇಸಿಡಿಯಾ ಎಲ್ಲ ಉದುರುತ್ತೆ. ಉದುರಿದ್ರೂ ಪೊಟ್ಟಣದ ತಳದಲ್ಲಿ ಕಪ್ಪು ರವೆ ಥರ ಸಿಗುತ್ತೆ, ಚೆಲ್ಬೇಡಿ, ಅದೇ ಸಾಕ್ಷಿ. ಹುಳ ಹಿಡಿಯದ ಹಾಗೆ ಒಂದು ವಾರ ಫ್ರೀಜರಲ್ಲಿ ಇಟ್ಟು ತೆಗೀರಿ, ಮನೇಲಿ ಐಸ್‌ಕ್ರೀಮ್ ಪಕ್ಕ ಇದೇನು ಅಂತ ಕೇಳ್ತಾರೆ, ಅದಕ್ಕೆ ಉತ್ತರ ನೀವೇ ಹುಡುಕ್ಕೊಳಿ. ಒಣಗಿದ ಪೊಟ್ಟಣ ಬಹಳ ವರ್ಷ ಇರುತ್ತೆ. ಲಖನೌನ ಎನ್‌ಬಿಆರ್‌ಐ (ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆ) ಸಂಸ್ಥೆಯ ಲೈಕನ್ ಸಂಗ್ರಹದಲ್ಲೂ ಇಟ್ಟಿರೋದು ಹೀಗೆ ಕಾಗದದ ಪೊಟ್ಟಣದಲ್ಲೇ.

ಬರೆಯೋದು: ದಿನಾಂಕ, ಊರು, ಎತ್ತರ, ಯಾವ ಮರ, ನೆಲದಿಂದ ಎಷ್ಟು ಅಡಿ ಮೇಲೆ, ನೆರಳಾ ಬಿಸಿಲಾ. ಅದರ ಕೆಳಗೆ ಏನು ಕಂಡಿತು ಅಂತ ಬರೀರಿ, ಹೆಸರು ಆಮೇಲೆ. "ಬಟ್ಟಲು ಆರು, ಇಸಿಡಿಯಾ ಇಲ್ಲ, ಹದಿನೈದು ಎಲೆ ನೋಡಿದೆ" ಅಂತ ಬರ್ದಿದ್ರೆ ಹೆಸರು ತಪ್ಪಿದ್ರೂ ಮುಂದೆ ಯಾರಾದ್ರೂ ಸರಿ ಮಾಡ್ತಾರೆ. ನನ್ನ ಮೊದಲ ವರ್ಷದ ಪೊಟ್ಟಣಗಳ ಮೇಲೆ ಹೆಸರು ಬಿಟ್ಟು ಇನ್ನೇನೂ ಇರ್ಲಿಲ್ಲ, ಅದಕ್ಕೇ ಅಷ್ಟೂ ಬಿಚ್ಚಿ ಮೊದಲಿಂದ ನೋಡ್ಬೇಕಾಯ್ತು.

ಬಟ್ಟಲೂ ಇಲ್ಲ ಇಸಿಡಿಯಾನೂ ಇಲ್ಲ ಅಂದ್ರೆ "ಲೆಪ್ಟೋಜಿಯಂ, ನೀಲಿ, ನುಣುಪು" ಅಂತ ಬರೆದು ನಿಲ್ಲಿಸಿ, ಆ ಮರಕ್ಕೆ ಒಂದು ಗುರುತು ಕಟ್ಟಿ ಬನ್ನಿ, ಮುಂದಿನ ವರ್ಷ ಅದೇ ತೇಪೆ ನೋಡಿದ್ರಾಯ್ತು. ನಮ್ಮ ಆ ಮೂರು ಹೆಸರಿಲ್ದವು ಬಂದಿದ್ದು ಹಳ್ಳದ ಪಕ್ಕದ ಒಂದೇ ಅತ್ತಿ ಮರದಿಂದ, ಅದಕ್ಕೆ ಹಳೇ ಕೆಂಪು ಸೀರೆ ಅಂಚು ಕಟ್ಟಿದೀನಿ. ಹೋದ ಜನವರೀಲಿ ಹಣ್ಣು ಕುಯ್ಯೋ ಗಡಿಬಿಡಿಯಲ್ಲೇ ಹೋಗಿ ನೋಡ್ದೆ, ಒಂದರ ನಡುಭಾಗದಲ್ಲಿ ಮೂರು ಗುಬುಟು ಎದ್ದಿವೆ, ಅಗಲಕ್ಕೆ ಬೆಳೀತಿರೋ ಹಾಗೆ ಕಾಣುತ್ತೆ, ಬಾಯಿ ಇನ್ನೂ ಬಿಟ್ಟಿಲ್ಲ.